ಜೆಪಿಯ ಲೋಟ, ಕರಾವಳಿಯ ಗಂಜಿ: ಯಂತ್ರ ಬಂತು, ಊಟದ ಲೆಕ್ಕ ಯಾರದು?

ಡಯಾಲಿಸಿಸ್ ಕೇಂದ್ರದಲ್ಲಿ ಮೊದಲು ನಡೆಯುವ ಕೆಲಸ ಸೂಜಿ ಚುಚ್ಚುವುದಲ್ಲ, ತೂಕ ನೋಡುವುದು. ಉಡುಪಿಯಲ್ಲಾಗಲಿ ಮಣಿಪಾಲದಲ್ಲಾಗಲಿ, ಕಾಪುವಿನಿಂದ ಬೆಳಿಗ್ಗೆ ಬಸ್ ಹತ್ತಿ ಬಂದವರಾಗಲಿ ಕಾರ್ಕಳದ ಕಡೆಯಿಂದ ಇಳಿದು ಬಂದವರಾಗಲಿ, ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಲ್ಲಲೇಬೇಕು. ಹಿಂದಿನ ಸಲಕ್ಕಿಂತ ಎರಡು ಕಿಲೋ ಜಾಸ್ತಿ ತೋರಿಸಿದರೆ ಅದು ಮೈ ಬಂದದ್ದಲ್ಲ. ದೇಹದಲ್ಲಿ ನಿಂತ ಎರಡು ಲೀಟರ್ ನೀರು. ಮೂರು ದಿನ ಮನೆಯಲ್ಲಿ ಏನು ತಿಂದಿರಿ, ಎಷ್ಟು ಕುಡಿದಿರಿ ಅನ್ನುವುದೆಲ್ಲ ಆ ಮುಳ್ಳಿಗೆ ಗೊತ್ತಾಗಿಬಿಡುತ್ತದೆ.

ಈ ತೂಕದ ಯಂತ್ರದ ಮೇಲೆ ತಮ್ಮ ಬದುಕಿನ ಕೊನೆಯ ನಾಲ್ಕು ವರ್ಷ ನಿಂತವರಲ್ಲಿ ನಮ್ಮ ರಾಜಕೀಯ ಚರಿತ್ರೆಯ ಒಂದು ದೊಡ್ಡ ಹೆಸರೂ ಇದೆ: ಜಯಪ್ರಕಾಶ ನಾರಾಯಣ. ಅಕ್ಟೋಬರ್ 11 ಬಂದರೆ ಜೆಪಿ ಜಯಂತಿಯ ಪೋಸ್ಟರ್‌ಗಳು ಓಡಾಡುತ್ತವೆ. ಜೂನ್ 25 ಬಂದರೆ ತುರ್ತು ಪರಿಸ್ಥಿತಿಯ ನೆನಪು. 2024ರಿಂದ ಕೇಂದ್ರ ಸರ್ಕಾರ ಆ ದಿನಕ್ಕೆ ಸಂವಿಧಾನ ಹತ್ಯಾ ದಿವಸ್ ಎಂಬ ಹೆಸರನ್ನೂ ಕೊಟ್ಟಿದೆ. ಎಡ, ಬಲ, ಸಮಾಜವಾದಿ ಎಲ್ಲರೂ ಜೆಪಿಯ ಚಳವಳಿಯ ಬಗ್ಗೆ ಮಾತಾಡುತ್ತಾರೆ. ಜೆಪಿಯ ಮೂತ್ರಪಿಂಡದ ಬಗ್ಗೆ ಮಾತಾಡುವವರು ಕಡಿಮೆ. ಆದರೆ ಆ ಕಥೆಯೂ ರಾಜಕೀಯವೇ. ಅದು ನೇರ ನಮ್ಮ ಜಿಲ್ಲೆಯ ಆಸ್ಪತ್ರೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ನದಿಯ ಊರಿನ ಹುಡುಗ

ಜೆಪಿ ಹುಟ್ಟಿದ್ದು 1902ರ ಅಕ್ಟೋಬರ್ 11ರಂದು, ಬಿಹಾರ ಮತ್ತು ಉತ್ತರ ಪ್ರದೇಶದ ಗಡಿಯ ಸಿತಾಬ್ ದಿಯಾರಾದಲ್ಲಿ. ಗಂಗೆ ಮತ್ತು ಘಾಘ್ರಾ ನದಿಗಳು ಸೇರುವ, ಪ್ರತಿ ಮಳೆಗಾಲ ನೆರೆಗೆ ಹೆದರುವ ಊರು. 18ನೇ ವಯಸ್ಸಿಗೇ ಪ್ರಭಾವತಿಯವರೊಂದಿಗೆ ಮದುವೆ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರ್ಕಾರಿ ನೆರವಿನ ಕಾಲೇಜು ಬಿಟ್ಟರು. 1922ರಲ್ಲಿ ಅಮೆರಿಕಕ್ಕೆ ಹೊರಟರು. ಅಲ್ಲಿ ಓದಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ದ್ರಾಕ್ಷಿ ತೋಟದಲ್ಲಿ ದುಡಿದರು, ಹೋಟೆಲ್‌ನಲ್ಲಿ ಪಾತ್ರೆ ತೊಳೆದರು, ಕಾರ್ಖಾನೆಗೆ ಹೋದರು. ಮಾರ್ಕ್ಸ್‌ವಾದ ಅವರಿಗೆ ಪುಸ್ತಕದಿಂದ ಎಷ್ಟು ಬಂತೋ ಈ ದುಡಿಮೆಯಿಂದಲೂ ಅಷ್ಟೇ ಬಂತು.

1929ರಲ್ಲಿ ವಾಪಸ್ ಬಂದು ಕಾಂಗ್ರೆಸ್ ಸೇರಿದರು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದವರಲ್ಲಿ ಅವರು ಮುಂದಿನ ಸಾಲಿನಲ್ಲಿದ್ದರು. ಆ ಪಕ್ಷದಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ಇದ್ದರು ಎನ್ನುವುದನ್ನು ಕರಾವಳಿಯವರು ನೆನಪಿಟ್ಟುಕೊಳ್ಳಬೇಕು.

1942ರ ಕ್ವಿಟ್ ಇಂಡಿಯಾ ಸಮಯದಲ್ಲಿ ಜೆಪಿ ಹಜಾರಿಬಾಗ್ ಜೈಲಿನಲ್ಲಿದ್ದರು. ಆ ವರ್ಷದ ದೀಪಾವಳಿಯ ರಾತ್ರಿ, ಕಾವಲಿನವರು ಹಬ್ಬದ ಗದ್ದಲದಲ್ಲಿದ್ದಾಗ, ಧೋತಿಗಳನ್ನು ಗಂಟು ಹಾಕಿ ಹಗ್ಗ ಮಾಡಿಕೊಂಡು ಸಂಗಾತಿಗಳ ಜೊತೆ ಗೋಡೆ ಹಾರಿದರು. ದೇಶದ ಯುವಕರಿಗೆ ಅವರು ರಾತ್ರೋರಾತ್ರಿ ನಾಯಕರಾದದ್ದು ಹಾಗೆ. ಮರುವರ್ಷ ಸಿಕ್ಕಿಬಿದ್ದರು. ಲಾಹೋರ್ ಕೋಟೆಯಲ್ಲಿ ಇಟ್ಟು, ನಿದ್ದೆ ಮಾಡಲು ಬಿಡದೆ ದಿನಗಟ್ಟಲೆ ವಿಚಾರಣೆ ಮಾಡಿದರು. 1946ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಬಂದಿಯ ದೇಹವನ್ನು ಸರ್ಕಾರ ಏನು ಮಾಡಬಲ್ಲದು ಎನ್ನುವುದು ಅವರಿಗೆ ಮೊದಲು ಗೊತ್ತಾದದ್ದು ಬ್ರಿಟಿಷರ ಕಾಲದಲ್ಲಿ. ಎರಡನೇ ಸಲ ಗೊತ್ತಾದದ್ದು ಸ್ವತಂತ್ರ ಭಾರತದಲ್ಲಿ.

ಸ್ವಾತಂತ್ರ್ಯದ ನಂತರ ಅಧಿಕಾರದ ಹತ್ತಿರ ಅವರು ಸುಳಿಯಲಿಲ್ಲ. 1954ರಲ್ಲಿ ವಿನೋಬಾ ಅವರ ಭೂದಾನ ಚಳವಳಿಗೆ ಜೀವನವನ್ನೇ ಕೊಡುವುದಾಗಿ ಘೋಷಿಸಿದರು. 1965ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1972ರಲ್ಲಿ ಚಂಬಲ್ ಕಣಿವೆಯ ಡಕಾಯಿತರು ಅವರೆದುರು ಬಂದೂಕು ಕೆಳಗಿಟ್ಟರು. 1973ರ ಏಪ್ರಿಲ್‌ನಲ್ಲಿ ಪ್ರಭಾವತಿ ಕ್ಯಾನ್ಸರ್‌ನಿಂದ ತೀರಿಕೊಂಡರು. 70 ದಾಟಿದ, ಮಧುಮೇಹ ಇದ್ದ, ಒಬ್ಬಂಟಿಯಾದ ಮುದುಕ. ಇನ್ನು ಇವರ ರಾಜಕೀಯ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ಮುದುಕನ ಹಿಂದೆ ಹುಡುಗರು

1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ಬೆಲೆ ಏರಿಕೆ ಮತ್ತು ಭ್ರಷ್ಟಾಚಾರದ ವಿರುದ್ಧ ಬೀದಿಗಿಳಿದರು. ನಾಯಕತ್ವ ವಹಿಸಿ ಎಂದು ಜೆಪಿಯನ್ನು ಕೇಳಿದರು. ಜೂನ್ 5ರಂದು ಪಟ್ನಾದ ಗಾಂಧಿ ಮೈದಾನದಲ್ಲಿ ಅವರು ಸಂಪೂರ್ಣ ಕ್ರಾಂತಿಯ ಕರೆ ಕೊಟ್ಟರು. ನವೆಂಬರ್‌ನಲ್ಲಿ ಅದೇ ಪಟ್ನಾದ ಬೀದಿಯಲ್ಲಿ ಲಾಠಿ ಬೀಸಿದಾಗ ಅವರೂ ಗುಂಪಿನ ನಡುವೆಯೇ ಇದ್ದರು.

ಆ ಚಳವಳಿಯ ಬಗ್ಗೆ ಗಂಭೀರ ಟೀಕೆಗಳಿವೆ. ಜನಸಂಘ ಮತ್ತು ಆರೆಸ್ಸೆಸ್‌ಗೆ ರಾಷ್ಟ್ರ ರಾಜಕಾರಣದಲ್ಲಿ ಗೌರವದ ಜಾಗ ಮಾಡಿಕೊಟ್ಟವರು ಜೆಪಿಯೇ ಎಂಬ ಮಾತನ್ನು ಇವತ್ತಿಗೂ ತಳ್ಳಿಹಾಕಲು ಆಗುವುದಿಲ್ಲ. ಚುನಾಯಿತ ವಿಧಾನಸಭೆಯನ್ನು ಬೀದಿಯಿಂದ ವಿಸರ್ಜಿಸುವ ಬೇಡಿಕೆ ಸರಿಯೇ ಎನ್ನುವ ಪ್ರಶ್ನೆಯೂ ಇದೆ. ಈ ಚರ್ಚೆ ನಡೆಯಲಿ. ಆದರೆ ಮುಂದೆ ಆದದ್ದಕ್ಕೆ ಈ ಟೀಕೆ ಸಮರ್ಥನೆ ಆಗಲಾರದು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧು ಎಂದಿತು. ಜೂನ್ 25ರಂದು ಜೆಪಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಭಾಷಣ ಮಾಡಿದರು. ಅದೇ ರಾತ್ರಿ ತುರ್ತು ಪರಿಸ್ಥಿತಿ ಬಂತು, ಬೆಳಗಾಗುವುದರೊಳಗೆ ಗಾಂಧಿ ಶಾಂತಿ ಪ್ರತಿಷ್ಠಾನದಲ್ಲಿ ಮಲಗಿದ್ದ ಅವರನ್ನು ಬಂಧಿಸಿದರು.

ಆ ಬೆಳಿಗ್ಗೆಯೇ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಹಿಡಿದು ಅಲ್ಲಿನ ಸೆಂಟ್ರಲ್ ಜೈಲಿಗೆ ಹಾಕಿದರು. ಉಡುಪಿಯ ವೈದ್ಯ, ಮುಂದೆ ರಾಜ್ಯದ ಗೃಹ ಸಚಿವರಾದ ವಿ.ಎಸ್. ಆಚಾರ್ಯ ಕೂಡ ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರೇ. ನಟಿ ಸ್ನೇಹಲತಾ ರೆಡ್ಡಿಯವರನ್ನು ಅಸ್ತಮಾ ಇದ್ದರೂ ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ಅವರು ತೀರಿಕೊಂಡರು.

ಚಂಡೀಗಢದ ಆ ಕೋಣೆ

ಜೆಪಿಯನ್ನು ಮೊದಲು ಹರಿಯಾಣದ ಸೋಹ್ನಾಕ್ಕೆ, ಆಮೇಲೆ ದೆಹಲಿಯ ಏಮ್ಸ್‌ಗೆ, ಜುಲೈ ಮೊದಲ ವಾರದ ಹೊತ್ತಿಗೆ ಚಂಡೀಗಢದ ಪಿಜಿಐ ಆಸ್ಪತ್ರೆಗೆ ಕರೆದೊಯ್ದರು. ಹೆಸರಿಗೆ ಆಸ್ಪತ್ರೆ, ವಾಸ್ತವದಲ್ಲಿ ಏಕಾಂತ ಸೆರೆ. ಮಾತಾಡಲು ಜೊತೆಗಾರರಿಲ್ಲ. ಡೈರಿ ಬರೆಯಲು ಶುರು ಮಾಡಿದರು. ಅದು ಮುಂದೆ ಪುಸ್ತಕವಾಯಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹೊಟ್ಟೆ ನೋವು, ಸುಸ್ತು. ಅಕ್ಟೋಬರ್‌ನಲ್ಲಿ ಆರೋಗ್ಯ ಕುಸಿಯಿತು. ನವೆಂಬರ್ 12ರಂದು ಪೆರೋಲ್ ಮೇಲೆ ಬಿಟ್ಟರು. ಅಲ್ಲಿಂದ ದೆಹಲಿ, ಅಲ್ಲಿಂದ ಅದೇ ತಿಂಗಳು ಮುಂಬಯಿಯ ಜಸ್ಲೋಕ್ ಆಸ್ಪತ್ರೆ. ಅದನ್ನು ಎರಡು ವರ್ಷ ಹಿಂದೆ ಉದ್ಘಾಟಿಸಿದ್ದವರು ಇಂದಿರಾ ಗಾಂಧಿಯವರೇ.

ಜಸ್ಲೋಕ್‌ನ ವೈದ್ಯರು ನೋಡಿದಾಗ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಮೂತ್ರಪಿಂಡ ತಜ್ಞ ಡಾ. ಎಂ.ಕೆ. ಮಣಿ ಮತ್ತು ಅವರ ತಂಡ ಡಯಾಲಿಸಿಸ್ ಶುರು ಮಾಡಿತು. ಅದು ಕೊನೆಯ ದಿನದವರೆಗೂ ನಿಲ್ಲಲಿಲ್ಲ.

ಸೆರೆಯಲ್ಲಿದ್ದಾಗ ತಮಗೆ ಏನೋ ಮಾಡಿದ್ದಾರೆ ಎಂಬ ಅನುಮಾನ ಜೆಪಿಗೂ ಅವರ ಹತ್ತಿರದವರಿಗೂ ಇತ್ತು. ಜನತಾ ಸರ್ಕಾರ ಬಂದ ಮೇಲೆ ಇದರ ವಿಚಾರಣೆಗೆ ಆಯೋಗವೂ ನೇಮಕವಾಯಿತು. ಬೇಕೆಂದೇ ಹಾನಿ ಮಾಡಿದರು ಎನ್ನುವುದು ಸಾಬೀತಾಗಿಲ್ಲ. ಮಧುಮೇಹ ಮೂತ್ರಪಿಂಡವನ್ನು ಸದ್ದಿಲ್ಲದೆ ತಿನ್ನುವ ಕಾಯಿಲೆ. 73ರ ವಯಸ್ಸಿನಲ್ಲಿ ಇನ್ನೂ ಬೇಗ. ಆದರೆ ವಿಷದ ಅನುಮಾನಕ್ಕಿಂತ ಸರಳವಾದ ಪ್ರಶ್ನೆ ಒಂದಿದೆ. ಮಧುಮೇಹ ಇರುವ ಮುದುಕರೊಬ್ಬರನ್ನು ನೀವೇ ಹಿಡಿದು ಇಟ್ಟುಕೊಂಡ ಮೇಲೆ, ಅವರ ದೇಹದ ಹೊಣೆ ಯಾರದು? ದೇಶದ ದೊಡ್ಡ ಆಸ್ಪತ್ರೆಯೊಂದರ ಒಳಗೇ ಇದ್ದ ಬಂದಿಗೆ ಮೂತ್ರಪಿಂಡ ಕೈಕೊಟ್ಟ ಸಂಗತಿ ಹೊರಗೆ ಬಂದ ಮೇಲೆ ಗೊತ್ತಾಗುವುದೆಂದರೆ ಏನರ್ಥ?

ಈ ಪ್ರಶ್ನೆ ಹಳೆಯದಾಗಿಲ್ಲ. 2020ರಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಸ್ಟ್ಯಾನ್ ಸ್ವಾಮಿ, ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಹಲವು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದ ಆ ಪಾದ್ರಿ 2021ರ ಜುಲೈ 5ರಂದು ಬಂಧನದಲ್ಲಿರುವಾಗಲೇ ತೀರಿಕೊಂಡರು.

ಯಂತ್ರದ ಹಿಂದಿನ ರಾಜಕೀಯ

ಡಯಾಲಿಸಿಸ್ ಯಂತ್ರದ ಚರಿತ್ರೆಯಲ್ಲೇ ಬಂದಿಯೊಬ್ಬರ ಕಥೆ ಇದೆ. ಎರಡನೇ ಮಹಾಯುದ್ಧದ ಸಮಯ. ನಾಜಿಗಳು ಆಕ್ರಮಿಸಿದ್ದ ನೆದರ್‌ಲ್ಯಾಂಡ್ಸ್‌ನ ಕಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯರು, ಮಾಂಸದ ಸಾಸೇಜ್ ಸುತ್ತಲು ಬಳಸುವ ಸೆಲ್ಲೋಫೇನ್ ಕೊಳವೆಯನ್ನೇ ಉರುಳೆಗೆ ಸುತ್ತಿ ಯಂತ್ರ ಕಟ್ಟಿದರು. ಮೊದಮೊದಲ ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಹೆಂಗಸೊಬ್ಬರು ಬದುಕುಳಿದರು. ಆಕೆ ನಾಜಿಗಳ ಜೊತೆ ಕೈಜೋಡಿಸಿದ ಆರೋಪದ ಮೇಲೆ ಸೆರೆಯಲ್ಲಿದ್ದವರು. ಊರಿನ ಅನೇಕರು ಆಕೆ ಸಾಯಲಿ ಅಂತಲೇ ಬಯಸಿದ್ದರು. ಕೋಲ್ಫ್ ಸ್ವತಃ ನಾಜಿ ವಿರೋಧಿ. ಆದರೂ ರೋಗಿ ಯಾರೆಂದು ನೋಡದೆ ಚಿಕಿತ್ಸೆ ಕೊಟ್ಟರು.

1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರೋಗಿಯ ಕೈಯ ರಕ್ತನಾಳಕ್ಕೆ ಕಾಯಂ ಕೊಳವೆ ಜೋಡಿಸುವ ಉಪಾಯ ಕಂಡುಹಿಡಿದರು. ಆಗ ಡಯಾಲಿಸಿಸ್ ಪದೇಪದೇ ಮಾಡಲು ಸಾಧ್ಯವಾಯಿತು. ಆದರೆ ಯಂತ್ರಗಳು ಕೆಲವೇ ಕೆಲವು, ಬೇಕಾದವರು ನೂರಾರು. ಯಾರಿಗೆ ಕೊಡಬೇಕೆಂದು ಊರಿನ ಪ್ರಮುಖರ ಸಮಿತಿ ಕೂತು ನಿರ್ಧರಿಸುತ್ತಿತ್ತು. ಕೆಲಸ ಇದೆಯಾ, ಮದುವೆ ಆಗಿದೆಯಾ, ಚರ್ಚಿಗೆ ಹೋಗುತ್ತಾರಾ ಎಂದೆಲ್ಲ ನೋಡುತ್ತಿದ್ದರು. 1962ರಲ್ಲಿ ಪತ್ರಿಕೆಯಲ್ಲಿ ಇದು ಬಯಲಾದಾಗ ದೇಶವೇ ಬೆಚ್ಚಿಬಿತ್ತು. ಹತ್ತು ವರ್ಷದ ನಂತರ, 1972ರಲ್ಲಿ, ಡಯಾಲಿಸಿಸ್ ವೆಚ್ಚವನ್ನು ಹೆಚ್ಚುಕಡಿಮೆ ಎಲ್ಲರಿಗೂ ಸರ್ಕಾರವೇ ಭರಿಸುವ ಕಾನೂನು ಅಲ್ಲಿ ಬಂತು.

ಭಾರತದಲ್ಲಿ ಡಯಾಲಿಸಿಸ್ ಮೊದಲು ನಡೆದದ್ದು 1962ರಲ್ಲಿ ವೆಲ್ಲೂರಿನಲ್ಲಿ. 1975ರಲ್ಲೂ ಅದು ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ ಮಾತ್ರ ಇತ್ತು. ಜೆಪಿ ಉಳಿದದ್ದು ಅವರು ಜೆಪಿ ಆದ್ದರಿಂದ. ಅದೇ ವರ್ಷ ಅದೇ ಕಾಯಿಲೆ ಬಂದ ಸಿತಾಬ್ ದಿಯಾರಾದ ರೈತನಿಗೋ ಕಾಪುವಿನ ಮೀನುಗಾರನಿಗೋ ಯಂತ್ರ ಇರಲಿಲ್ಲ.

ತೊಂಬತ್ತು ಸಾವಿರ ರೂಪಾಯಿ

ಜೆಪಿ ಪಟ್ನಾದ ತಮ್ಮ ಮನೆಗೆ ಹೋಗಬೇಕೆಂದರೆ ಮನೆಯಲ್ಲೇ ಯಂತ್ರ ಬೇಕಿತ್ತು. ಅವರ ಹತ್ತಿರ ಆಸ್ತಿ ಇರಲಿಲ್ಲ. ಗಾಂಧಿ ಶಾಂತಿ ಪ್ರತಿಷ್ಠಾನದ ಗೆಳೆಯರು ಜನರಿಂದ ದೇಣಿಗೆ ಎತ್ತಲು ಶುರು ಮಾಡಿದರು. 1976ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಪರಿಹಾರ ನಿಧಿಯಿಂದ 90 ಸಾವಿರ ರೂಪಾಯಿ ಕಳಿಸಿದರು. ಜೆಪಿ ಅದನ್ನು ಸ್ವೀಕರಿಸಲಿಲ್ಲ. ಜನ ಕೊಟ್ಟದ್ದು ಸಾಕು, ನಿಮ್ಮ ಹಣ ಇನ್ನೊಬ್ಬರಿಗೆ ಬಳಕೆಯಾಗಲಿ ಎಂಬರ್ಥದಲ್ಲಿ ತಿರುಗಿಸಿದರು. ಜನರ ದುಡ್ಡಿನ ಯಂತ್ರ ಮನೆಗೆ ಬಂತು.

ಸಾವಿನ ಅಂಚಿನಲ್ಲೂ ಸ್ವಾಭಿಮಾನ ಬಿಡಲಿಲ್ಲ ಎಂದು ಇದನ್ನು ಹೇಳುವುದುಂಟು. ನಿಜವೇ. ಆದರೆ ಇನ್ನೊಂದು ಪಾಠವೂ ಇದೆ. ಒಬ್ಬ ನಾಯಕನಿಗೆ ದೇಶ ದೇಣಿಗೆ ಎತ್ತಬಹುದು, ಲಕ್ಷಾಂತರ ರೋಗಿಗಳಿಗೆ ಎತ್ತಲು ಆಗುವುದಿಲ್ಲ. ಅದಕ್ಕೆ ಬೇಕಾದದ್ದು ತೆರಿಗೆ ಹಣ ಮತ್ತು ಹಕ್ಕು. ಇವತ್ತು ವಾಟ್ಸಾಪ್ ಗುಂಪುಗಳಲ್ಲಿ ನೆರವು ಕೋರಿ ಓಡಾಡುವ ಪ್ರತಿ ಕ್ಯೂಆರ್ ಕೋಡ್ ನಮಗೆ ಅದನ್ನೇ ನೆನಪಿಸುತ್ತದೆ.

12 ಗಂಟೆ ಯಂತ್ರ, 156 ಗಂಟೆ ನಾವು

ಯಂತ್ರ ಸಿಕ್ಕಿತು ಅಂದ ಮಾತ್ರಕ್ಕೆ ಮುಗಿಯಿತಾ? ಇಲ್ಲ. ವಾರಕ್ಕೆ 168 ಗಂಟೆ. ಸರಿಯಾದ ಮೂತ್ರಪಿಂಡ ಅಷ್ಟೂ ಹೊತ್ತು ಕೆಲಸ ಮಾಡುತ್ತದೆ. ಡಯಾಲಿಸಿಸ್ ಯಂತ್ರ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ. ಒಟ್ಟು 12 ಗಂಟೆ. ಉಳಿದ 156 ಗಂಟೆ ಮೂತ್ರಪಿಂಡದ ಕೆಲಸವನ್ನು ರೋಗಿಯ ಲೋಟ ಮತ್ತು ತಟ್ಟೆಯೇ ಮಾಡಬೇಕು. ಈ ಲೆಕ್ಕ ಜೆಪಿಗೂ ಒಂದೇ, ಕಾರ್ಕಳದ ಕಲ್ಲುಕೋರೆಯ ಕಾರ್ಮಿಕನಿಗೂ ಒಂದೇ. ಅದನ್ನು ನಮ್ಮೂರಿನ ಊಟದಲ್ಲೇ ಇಟ್ಟು ನೋಡೋಣ.

ಮೊದಲು ನೀರು. ನೀರೆಲ್ಲ ತೆಗೆದ ಮೇಲೆ ಉಳಿಯುವ ತೂಕಕ್ಕೆ ಒಣ ತೂಕ ಎನ್ನುತ್ತಾರೆ. 60 ಕಿಲೋ ಒಣ ತೂಕದವರು ಎರಡು ಡಯಾಲಿಸಿಸ್ ನಡುವೆ ಎರಡು, ಎರಡೂವರೆ ಕಿಲೋಗಿಂತ ಹೆಚ್ಚು ಏರಬಾರದು. ಹೆಚ್ಚು ನೀರನ್ನು ನಾಲ್ಕೇ ಗಂಟೆಯಲ್ಲಿ ಎಳೆದರೆ ರಕ್ತದೊತ್ತಡ ಕುಸಿಯುತ್ತದೆ, ಕಾಲು ಸೆಳೆತ ಹಿಡಿಯುತ್ತದೆ, ಹೃದಯಕ್ಕೆ ಪೆಟ್ಟು. ಎಳೆಯದೆ ಬಿಟ್ಟರೆ ನೀರು ಶ್ವಾಸಕೋಶಕ್ಕೆ ಏರುತ್ತದೆ, ರಾತ್ರಿ ಮಲಗಲಾಗದೆ ಕೂತೇ ಉಸಿರಾಡಬೇಕು. ವಾರದಲ್ಲಿ ಎರಡು ದಿನ ಬಿಡುವು ಬರುವ ಆ ದೀರ್ಘ ಅಂತರದ ನಂತರವೇ ಸಾವು, ಹೃದಯದ ತೊಂದರೆ ಹೆಚ್ಚು ಎಂದು 2011ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಬಸ್ ಖರ್ಚಿಗೋ ಕೂಲಿ ತಪ್ಪುತ್ತದೆಂದೋ ವಾರಕ್ಕೆ ಎರಡೇ ಸಲ ಬರುವವರ ಗತಿ ಏನು ಎಂದು ಇದರಿಂದಲೇ ಊಹಿಸಬಹುದು.

ಸಾಮಾನ್ಯ ಲೆಕ್ಕ ಇದು: ದಿನಕ್ಕೆ ಎಷ್ಟು ಮೂತ್ರ ಹೋಗುತ್ತದೋ ಅಷ್ಟು, ಅದರ ಮೇಲೆ ಸುಮಾರು ಅರ್ಧ ಲೀಟರ್. ಮೂತ್ರವೇ ನಿಂತವರಿಗೆ ಆ ಅರ್ಧ, ಮುಕ್ಕಾಲು ಲೀಟರ್‌ನಲ್ಲೇ ಚಹಾ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ನೀರು ಎಲ್ಲ ಸೇರಬೇಕು. ಏಪ್ರಿಲ್ ತಿಂಗಳ ಕರಾವಳಿಯ ಸೆಕೆಯಲ್ಲಿ ಇದನ್ನು ಪಾಲಿಸುವುದೆಂದರೆ ತಪಸ್ಸು. ಇಲ್ಲಿಯೇ ನಮ್ಮ ಗಂಜಿಯ ಪ್ರಶ್ನೆ ಬರುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ನಾವು ಊಟ ಅಂತ ಎಣಿಸುತ್ತೇವೆ, ನೀರು ಅಂತ ಎಣಿಸುವುದಿಲ್ಲ. ಹುಷಾರಿಲ್ಲದವರಿಗೆ ಮೊದಲು ಕೊಡುವುದೇ ಗಂಜಿ. ಡಯಾಲಿಸಿಸ್‌ನವರ ಮಟ್ಟಿಗೆ ಗಂಜಿಯ ತಿಳಿಯೂ ನೀರೇ. ಅದೇ ಅಕ್ಕಿಯ ಬಸಿದ ಅನ್ನ ತಿಂದರೆ ಉಳಿದ ನೀರನ್ನು ಬಾಯಾರಿದಾಗ ಕುಡಿಯಬಹುದು.

ಆದರೆ ಬರೀ ನೀರು ಕಡಿಮೆ ಕುಡಿಯಿರಿ ಅಂತ ಗದರಿಸಿದರೆ ಪ್ರಯೋಜನವಿಲ್ಲ. ಬಾಯಾರಿಕೆಯನ್ನು ಕರೆತರುವುದು ಉಪ್ಪು. ದೇಹಕ್ಕೆ ಸುಮಾರು 8 ಗ್ರಾಂ ಉಪ್ಪು ಹೋದರೆ ಅದನ್ನು ಸಮ ಮಾಡಲು ಒಂದು ಲೀಟರ್ ನೀರು ಬೇಕು. ರೋಗಿ ಎಷ್ಟೇ ಗಟ್ಟಿ ಮನಸ್ಸು ಮಾಡಿದರೂ ಕುಡಿದೇ ಕುಡಿಯುತ್ತಾನೆ. ದಿನದ ಒಟ್ಟು ಉಪ್ಪು 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಚಿಕ್ಕ ಚಮಚ. ಗಂಜಿಗೆ ನಂಚಿಕೊಳ್ಳುವ ಮಾವಿನ ಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನು, ಹಪ್ಪಳ, ಸಂಡಿಗೆ, ಇವೇ ಆ ಚಮಚವನ್ನು ಮುಗಿಸಿಬಿಡುತ್ತವೆ. ಮಧುಮೇಹ ಇದ್ದವರಿಗೆ ರಕ್ತದ ಸಕ್ಕರೆ ಏರಿದರೂ ಬಾಯಾರಿಕೆ. ಜೆಪಿಯಂಥವರಿಗೆ ಇದು ಎರಡು ಕಡೆಯ ಹೊಡೆತ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪು ಇನ್ನೂ ಅಪಾಯ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ.

ಪೊಟ್ಯಾಸಿಯಂ ಏರಿದರೆ ಮುನ್ಸೂಚನೆಯೇ ಇಲ್ಲದೆ ಹೃದಯ ನಿಲ್ಲಬಹುದು. ಒಂದು ಲೋಟ ಸೀಯಾಳದಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಡಯಾಲಿಸಿಸ್‌ನವರಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ 2 ಗ್ರಾಂ ಆಸುಪಾಸು. ಆಸ್ಪತ್ರೆಗೆ ನೋಡಲು ಬರುವ ನೆಂಟರು ಕೈಯಲ್ಲಿ ಹಿಡಿದು ತರುವುದೇ ಸೀಯಾಳ, ಬಾಳೆಹಣ್ಣು. ಪ್ರೀತಿಯೇ, ಆದರೆ ಜೀವಕ್ಕೆ ಅಪಾಯ. ಬಸಳೆ, ಹರಿವೆ, ಹಲಸಿನ ಹಣ್ಣಿನಲ್ಲೂ ಅದು ಹೆಚ್ಚು. ತರಕಾರಿಯನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಅಡುಗೆ ಮಾಡಿದರೆ ಕಡಿಮೆಯಾಗುತ್ತದೆ. ಕಾಪು ಕಡೆಯ ಮಟ್ಟು ಗುಳ್ಳವನ್ನೂ ಹೀಗೆ ಬೇಯಿಸಿ, ಅಳತೆಯಲ್ಲಿ ತಿನ್ನಬಹುದು. ಹಿತ್ತಲಲ್ಲಿ ಬೆಳೆಯುವ ದಾರೆಹುಳಿಯನ್ನು ಮಾತ್ರ ಮುಟ್ಟಲೇಬಾರದು. ಮೂತ್ರಪಿಂಡ ಸೋತವರಲ್ಲಿ ಅದರ ವಿಷ ಮಿದುಳಿಗೆ ಏರುತ್ತದೆ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಅಪಸ್ಮಾರ, ಸಾವಿನವರೆಗೂ ಹೋದದ್ದಿದೆ.

ಇಷ್ಟು ಕೇಳಿದ ಮನೆಯವರು ಮಾಡುವ ದೊಡ್ಡ ತಪ್ಪು ಎಂದರೆ ಊಟವನ್ನೇ ಕಡಿಮೆ ಮಾಡುವುದು. ಡಯಾಲಿಸಿಸ್ ಶುರುವಾಗುವ ಮೊದಲು ಪ್ರೋಟೀನ್ ಕಡಿಮೆ ಮಾಡಿ ಎಂದ ವೈದ್ಯರೇ, ಶುರುವಾದ ಮೇಲೆ ಜಾಸ್ತಿ ತಿನ್ನಿ ಎನ್ನುತ್ತಾರೆ. ಪ್ರತಿ ಸಲವೂ ಯಂತ್ರ ರಕ್ತದಿಂದ ಕಸದ ಜೊತೆ ಹಲವು ಗ್ರಾಂ ಅಮೈನೋ ಆಮ್ಲಗಳನ್ನೂ ತೊಳೆದುಬಿಡುತ್ತದೆ. ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ. ತಾಜಾ ಮೀನು ಸಿಗುವ ಮಲ್ಪೆ, ಕಾಪು ಕಡೆಯವರಿಗೆ ಇದು ವರ. ಆದರೆ ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧದ ದಿನಗಳಲ್ಲಿ ಬಡವರ ಮನೆಗೆ ಬರುವುದು ಒಣಮೀನು; ಅಂದರೆ ಉಪ್ಪು. ಸಸ್ಯಾಹಾರಿಗಳು ಬೇಳೆ, ಪನೀರ್, ಮೊಸರನ್ನು ರಂಜಕ, ಪೊಟ್ಯಾಸಿಯಂ, ನೀರಿನ ಲೆಕ್ಕದೊಳಗೇ ಹೊಂದಿಸಬೇಕು. ಒಬ್ಬೊಬ್ಬರ ರಕ್ತ ಪರೀಕ್ಷೆ ನೋಡಿ ಪಟ್ಟಿ ಮಾಡಬೇಕಾದ ಕೆಲಸ ಇದು. ಪಕ್ಕದ ಮನೆಯವರ ಪಟ್ಟಿ ನಿಮಗೆ ಆಗುವುದಿಲ್ಲ.

1928ರಲ್ಲಿ ಇದೇ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಗೆಳೆಯರ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತ್ತು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ಲೆಕ್ಕ ಬರೆದುಕೊಳ್ಳುವ ಏಜೆಂಟ್. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದವರೂ ಅವರೇ. ದಿನದಿನದ ಸಣ್ಣ ಲೆಕ್ಕದ ಬೆಲೆ ಈ ಊರಿಗೆ ಯಾರೂ ಕಲಿಸಬೇಕಿಲ್ಲ. ದುಡ್ಡಿಗೆ ಮಾಡಿದ್ದನ್ನು ಉಪ್ಪು, ನೀರಿಗೂ ಮಾಡಬೇಕು. ಆದರೆ ಪಿಗ್ಮಿಯಲ್ಲಿ ಬಾಗಿಲಿಗೆ ಬರುವವರೊಬ್ಬರು ಇದ್ದರು ಎನ್ನುವುದನ್ನು ಮರೆಯಬಾರದು.

ಹಾಸಿಗೆಯಿಂದ ಸರ್ಕಾರ

ವಾರವಾರವೂ ಯಂತ್ರಕ್ಕೆ ಕಟ್ಟಿಹಾಕಿದ ಆ ದೇಹದಿಂದಲೇ ಜೆಪಿ ತಮ್ಮ ದೊಡ್ಡ ರಾಜಕೀಯ ಕೆಲಸ ಮಾಡಿದರು. 1977ರ ಜನವರಿಯಲ್ಲಿ ಚುನಾವಣೆ ಘೋಷಣೆಯಾದಾಗ ಒಡೆದು ಹಂಚಿಹೋಗಿದ್ದ ವಿರೋಧ ಪಕ್ಷಗಳನ್ನು ಜನತಾ ಹೆಸರಿನಲ್ಲಿ ಸೇರಿಸಿದರು. ಮಾರ್ಚ್‌ನಲ್ಲಿ ಇಂದಿರಾ ಸೋತರು. ಪ್ರಧಾನಿ ಯಾರಾಗಬೇಕೆಂಬ ಜಗಳವನ್ನು ಜೆಪಿ ಮತ್ತು ಕೃಪಲಾನಿ ಬಗೆಹರಿಸಿ ಮೊರಾರ್ಜಿ ದೇಸಾಯಿಯವರನ್ನು ಆರಿಸಿದರು. ಅದೇ ವರ್ಷ ಚಿಕಿತ್ಸೆಗಾಗಿ ಜೆಪಿ ಸಿಯಾಟಲ್‌ಗೂ ಹೋಗಿಬಂದರು. ಯಾರು ಬದುಕಬೇಕೆಂದು ಸಮಿತಿ ಕೂರುತ್ತಿದ್ದ ಊರದು.

ಆಮೇಲೆ ಆದದ್ದು ಸಂತೋಷದ ಕಥೆಯಲ್ಲ. ಜನತಾ ನಾಯಕರು ಕಚ್ಚಾಡಿದರು. ಪಟ್ನಾದ ಮನೆಯಲ್ಲಿ ಮಲಗಿದ್ದ ಮುದುಕನನ್ನು ಕೇಳುವವರು ಕಡಿಮೆಯಾದರು. 1979ರ ಮಾರ್ಚ್‌ನಲ್ಲಿ ಜಸ್ಲೋಕ್‌ನಲ್ಲಿ ಜೀವಂತ ಇದ್ದಾಗಲೇ ಅವರು ಸತ್ತರೆಂದು ಲೋಕಸಭೆಯಲ್ಲಿ ಪ್ರಕಟಿಸಿ ಸಂತಾಪವನ್ನೂ ಸೂಚಿಸಿಬಿಟ್ಟರು. ಜುಲೈನಲ್ಲಿ ಮೊರಾರ್ಜಿ ಸರ್ಕಾರ ಬಿತ್ತು. ಅಕ್ಟೋಬರ್ 8ರಂದು, 77 ತುಂಬಲು ಮೂರು ದಿನ ಇರುವಾಗ, ಜೆಪಿ ಪಟ್ನಾದಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷದ ನಂತರ, 1999ರಲ್ಲಿ ಭಾರತ ರತ್ನ ಬಂತು.

ಯಂತ್ರ ಬಂತು, ಮುಂದೆ?

ಜೆಪಿ ಚಳವಳಿಯಲ್ಲಿ ವಿದ್ಯಾರ್ಥಿ ನಾಯಕರಾಗಿ, ತುರ್ತು ಪರಿಸ್ಥಿತಿಯಲ್ಲಿ 19 ತಿಂಗಳು ಸೆರೆಯಲ್ಲಿದ್ದ ಅರುಣ್ ಜೇಟ್ಲಿ 2016ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದರು. ಎರಡು ವರ್ಷಕ್ಕೆ ಅವರಿಗೇ ಮೂತ್ರಪಿಂಡ ಕಸಿ ಮಾಡಬೇಕಾಯಿತು. ಕರ್ನಾಟಕದಲ್ಲಿ ಇವತ್ತು ಜಿಲ್ಲಾ ಆಸ್ಪತ್ರೆಗಳಲ್ಲೂ ಅನೇಕ ತಾಲೂಕು ಆಸ್ಪತ್ರೆಗಳಲ್ಲೂ ಉಚಿತ ಡಯಾಲಿಸಿಸ್ ಇದೆ. ಜೆಪಿಗಾಗಿ ದೇಶ ದೇಣಿಗೆ ಎತ್ತಿದ್ದ ಯಂತ್ರ ತಾಲೂಕಿಗೆ ಬಂದಿದೆ. ಇದು ಸಣ್ಣ ಸಾಧನೆ ಅಲ್ಲ. ಯಾವ ಪಕ್ಷ ಮಾಡಿದ್ದರೂ ಒಪ್ಪಿಕೊಳ್ಳಬೇಕು.

ಆದರೆ ಅದು ಆ 12 ಗಂಟೆಯ ಮಾತು. 156 ಗಂಟೆಗೆ ಸರ್ಕಾರದ ಹತ್ತಿರ ಏನಿದೆ? ಯಂತ್ರಕ್ಕೆ ರಿಬ್ಬನ್ ಕತ್ತರಿಸಬಹುದು, ಫೋಟೊ ತೆಗೆಸಿಕೊಳ್ಳಬಹುದು. ಉಪ್ಪಿನ ಚಮಚಕ್ಕೆ, ಗಂಜಿಯ ಲೆಕ್ಕಕ್ಕೆ ಉದ್ಘಾಟನೆ ಇಲ್ಲ. ಪಡಿತರ ಚೀಟಿಗೆ ಮುಖ್ಯವಾಗಿ ಸಿಗುವುದು ಅಕ್ಕಿ. ರೋಗಿಗೆ ಬೇಕಾದದ್ದು ಪ್ರೋಟೀನ್. ಶಾಲೆಯ ಮಕ್ಕಳ ಮೊಟ್ಟೆಗೇ ಅಷ್ಟು ಜಗಳ ಆದ ರಾಜ್ಯದಲ್ಲಿ ಡಯಾಲಿಸಿಸ್ ರೋಗಿಯ ಮೊಟ್ಟೆ ಯಾರ ಬಾಯಲ್ಲೂ ಬಂದಿಲ್ಲ. ಮೇಲಿಂದ ರೋಗಿ ನೀರು ಜಾಸ್ತಿ ಕುಡಿದು ಬಂದರೆ ಬೈಗುಳ, ಮಾತು ಕೇಳದವರೆಂಬ ಹಣೆಪಟ್ಟಿ. ಹೇಳಿಕೊಡದೆ ಬೈಯುವುದು ಯಾವ ನ್ಯಾಯ?

ಹಾಗಾಗಿ ಉಡುಪಿ, ಕಾಪು, ಕಾರ್ಕಳದ ಯುವ ಗೆಳೆಯರೇ, ಮುಂದಿನ ಸಲ ಶಾಸಕರು, ಆರೋಗ್ಯಾಧಿಕಾರಿಗಳು ಸಿಕ್ಕಾಗ ಎಷ್ಟು ಯಂತ್ರ ಇದೆ ಎಂದು ಮಾತ್ರ ಕೇಳಬೇಡಿ. ಡಯಾಲಿಸಿಸ್ ಕೇಂದ್ರಕ್ಕೆ ಆಹಾರ ತಜ್ಞರು ವಾರಕ್ಕೆ ಎಷ್ಟು ದಿನ ಬರುತ್ತಾರೆ? ನಮ್ಮ ಗಂಜಿ, ಮೀನು, ಬಸಳೆ, ಸೀಯಾಳ ಇರುವ ಪಟ್ಟಿ ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಸಿಗುತ್ತದಾ? ಮನೆಯಲ್ಲಿ ದಿನಾ ನೋಡಿಕೊಳ್ಳಲು ತೂಕದ ಯಂತ್ರ ಕೊಡುತ್ತೀರಾ? ಮೂರು ಸಲ ಬರಲು ಬಸ್ ಪಾಸ್ ಇದೆಯಾ? ರೋಗಿಗಳಿಗೆ ಮೊಟ್ಟೆ, ಬೇಳೆ ಪಡಿತರದಲ್ಲಿ ಯಾಕಿಲ್ಲ? ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ, ಹತ್ತು ರೂಪಾಯಿ ಸಾಕು. ಜೈಲಿನಲ್ಲಿರುವ ಮೂತ್ರಪಿಂಡ ರೋಗಿಗಳಿಗೆ ಈ ಊಟ ಸಿಗುತ್ತದಾ ಎನ್ನುವುದನ್ನೂ ಅದರಲ್ಲೇ ಕೇಳಿ.

ಸಂಪೂರ್ಣ ಕ್ರಾಂತಿ ಆಗಲಿಲ್ಲ. ಅದರ ಹೆಸರು ಹೇಳಿಕೊಂಡು ಅಧಿಕಾರಕ್ಕೆ ಬಂದವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಜೆಪಿಯ ನೆನಪಿಗೆ ಹೂವಿನ ಹಾರ ಹಾಕುವವರು ಹಾಕಲಿ. ನಮ್ಮ ತಾಲೂಕು ಆಸ್ಪತ್ರೆಯ ತೂಕದ ಯಂತ್ರದ ಪಕ್ಕದಲ್ಲಿ ಊಟದ ಲೆಕ್ಕ ಹೇಳಿಕೊಡುವ ಒಬ್ಬರನ್ನು ಕೂರಿಸಿದರೆ, ಆ ನಾಲ್ಕು ವರ್ಷದ ಕಷ್ಟಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇಕಿಲ್ಲ.